ವೀಟೋ ಇದ್ದರೂ ಇರಾನಿನ ಮೇಲಿನ ನಿರ್ಬಂಧಗಳು ಮರಳಿದ್ದು ಹೇಗೆ?

ಪ್ರಶ್ನೆ: ಮಂಡ್ಯದ ಮೇಷ್ಟ್ರು

ನಾನು ಮಂಡ್ಯದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಒಬ್ಬರು ಬೇಡವೆಂದರೂ ನಿರ್ಣಯ ಬಿದ್ದುಹೋಗುತ್ತದೆ ಎಂದು ಪಾಠ ಮಾಡಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: ಹಾಗಾದರೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ರಷ್ಯಾ ಮತ್ತು ಚೀನಾ ಎರಡೂ ವಿರೋಧಿಸುತ್ತಿದ್ದಾಗಲೇ ಇರಾನಿನ ಮೇಲೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ಮತ್ತೆ ಜಾರಿಯಾದದ್ದು ಹೇಗೆ? ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.

ಇದರ ಬೆನ್ನಿಗೇ ಇನ್ನೊಂದು ಸಂದೇಹವೂ ಇದೆ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ನಾಲ್ಕನೆಯ ವಿಧಿಯು ಶಾಂತಿಯುತ ಉದ್ದೇಶಕ್ಕೆ ಅಣುಶಕ್ತಿ ಬಳಸುವ ಹಕ್ಕನ್ನು ಎಲ್ಲ ಸದಸ್ಯ ರಾಷ್ಟ್ರಗಳಿಗೂ ಕೊಟ್ಟಿದೆ, ಮತ್ತು ಇರಾನ್ 1970ರಿಂದಲೂ ಅದರ ಸದಸ್ಯ. ಹೀಗಿರುವಾಗ ಯುರೇನಿಯಂ ಸಂವರ್ಧನೆಯ 3.67, 20, 60 ಎಂಬ ಶೇಕಡಾವಾರುಗಳ ಮೇಲೆ ಎರಡು ದಶಕ ಜಗ್ಗಾಡಿದ್ದೇಕೆ? ವಿಷಯ ಬಲ್ಲವರು ವಿವರವಾಗಿ ಬರೆದರೆ ತರಗತಿಯಲ್ಲಿ ಓದಿ ಹೇಳುತ್ತೇನೆ.

ಉತ್ತರ: ಸರಸ್ವತಿಪುರಂ ವಕೀಲ

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಸರಿಯಾದ ಜಾಗಕ್ಕೇ ಬಿದ್ದಿದೆ. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನ್ ಮತ್ತು ಆರು ರಾಷ್ಟ್ರಗಳ ನಡುವೆ, ಇರಾನಿನ ಅಣು ಕಾರ್ಯಕ್ರಮಕ್ಕೆ ಮಿತಿ ಹಾಕಿ ಬದಲಿಗೆ ನಿರ್ಬಂಧಗಳನ್ನು ತೆಗೆಯುವ ಒಪ್ಪಂದವಾದಾಗ ಪಾಶ್ಚಿಮಾತ್ಯ ದೇಶಗಳನ್ನು ಕಾಡುತ್ತಿದ್ದ ಅಳುಕು ಇದೇ ಆಗಿತ್ತು: ನಾವು ನಿರ್ಬಂಧಗಳನ್ನು ತೆಗೆದ ಮೇಲೆ ಇರಾನ್ ಮಾತು ತಪ್ಪಿದರೆ, ಅವನ್ನು ಮತ್ತೆ ಹೇರಲು ಹೊಸ ನಿರ್ಣಯ ಬೇಕು, ಅದನ್ನು ರಷ್ಯಾ ವೀಟೋ ಮಾಡುತ್ತದೆ. ಆದ್ದರಿಂದ ಅದೇ ತಿಂಗಳ 20ರಂದು ಅಂಗೀಕಾರವಾದ 2231ನೇ ನಿರ್ಣಯದಲ್ಲಿ ಪ್ರಶ್ನೆಯನ್ನೇ ತಲೆಕೆಳಗು ಮಾಡಿದರು. ಒಪ್ಪಂದದ ಪಾಲುದಾರ ರಾಷ್ಟ್ರವೊಂದು ಗಂಭೀರ ಉಲ್ಲಂಘನೆಯಾಗಿದೆಯೆಂದು ದೂರು ಕೊಟ್ಟರೆ, ನಿರ್ಬಂಧಗಳನ್ನು ಮರಳಿ ಹೇರಬೇಕೇ ಎಂಬುದರ ಮೇಲೆ ಮತದಾನ ನಡೆಯುವುದಿಲ್ಲ. ಕೊಟ್ಟ ವಿನಾಯಿತಿ ಮುಂದುವರಿಯಬೇಕೇ ಎಂಬುದರ ಮೇಲೆ ನಡೆಯುತ್ತದೆ. ಮೂವತ್ತು ದಿನಗಳೊಳಗೆ ಅಂಥ ನಿರ್ಣಯ ಅಂಗೀಕಾರವಾಗದಿದ್ದರೆ ಹಳೆಯ ಆರೂ ನಿರ್ಣಯಗಳು ತಾವಾಗಿಯೇ ಜೀವ ಪಡೆಯುತ್ತವೆ. ಹೀಗಾಗಿ ಇಲ್ಲಿ ವೀಟೋ ಕೆಲಸಕ್ಕೆ ಬರುವುದು ನಿರ್ಬಂಧ ಬೇಕೆನ್ನುವವರಿಗೆ, ಬೇಡವೆನ್ನುವವರಿಗಲ್ಲ.

2025ರ ಆಗಸ್ಟ್ 28ರಂದು ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿ ಒಟ್ಟಾಗಿ ದೂರು ಕೊಟ್ಟವು. ಸೆಪ್ಟೆಂಬರ್ 19ರಂದು ವಿನಾಯಿತಿ ಮುಂದುವರಿಸುವ ನಿರ್ಣಯ ಮತಕ್ಕೆ ಬಂದಾಗ ಪರವಾಗಿ ನಾಲ್ಕು, ವಿರುದ್ಧವಾಗಿ ಒಂಬತ್ತು ಮತಗಳು ಬಿದ್ದವು, ಇಬ್ಬರು ತಟಸ್ಥರಾದರು. ಆರು ತಿಂಗಳ ಕಾಲಾವಕಾಶ ಕೇಳಿ ರಷ್ಯಾ ಮತ್ತು ಚೀನಾ ತಂದ ನಿರ್ಣಯವೂ ಒಂದು ವಾರದ ನಂತರ ಬಿದ್ದುಹೋಯಿತು. ಅದೇ ಅಕ್ಟೋಬರ್ 18ಕ್ಕೆ ಈ ಅವಕಾಶದ ಅವಧಿಯೇ ಮುಗಿಯುತ್ತಿತ್ತು ಎಂಬುದನ್ನು ನೆನಪಿಟ್ಟರೆ ಯುರೋಪಿನ ಆತುರ ಅರ್ಥವಾಗುತ್ತದೆ. 2020ರಲ್ಲಿ ಅಮೆರಿಕವೂ ಇದೇ ಬಾಗಿಲು ತಟ್ಟಿತ್ತು. ಆದರೆ 2018ರಲ್ಲಿ ಒಪ್ಪಂದದಿಂದ ಹೊರನಡೆದವರಿಗೆ ಆ ಹಕ್ಕಿಲ್ಲವೆಂದು ಮಂಡಳಿಯ ಬಹುತೇಕ ಸದಸ್ಯರು ಅದನ್ನು ಮಾನ್ಯ ಮಾಡಲಿಲ್ಲ.

ಉತ್ತರ: ಭೌತಶಾಸ್ತ್ರ ಉಪನ್ಯಾಸಕಿ, ಮೈಸೂರು

ಎರಡನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಭೂಮಿಯಿಂದ ತೆಗೆದ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235 ಇರುವುದು ಸುಮಾರು ಏಳು ಮಾತ್ರ. ಉಳಿದ 993ನ್ನು ಬೇರ್ಪಡಿಸಿ ತೆಗೆಯುತ್ತ ಹೋಗುವುದೇ ಸಂವರ್ಧನೆ. ಆ ಏಳರ ಜೊತೆಗೆ ಸುಮಾರು 184 ಉಳಿದಾಗ ಶೇ 3.67 ಆಗುತ್ತದೆ, ಇದು ವಿದ್ಯುತ್ ಸ್ಥಾವರದ ಇಂಧನದ ಮಟ್ಟ. ಐದು ಉಳಿದಾಗ ಶೇ 60. ಒಂದೇ ಒಂದು ಉಳಿದರೆ ಶೇ 90ರ ಹತ್ತಿರ, ಬಾಂಬಿನ ಮಟ್ಟ. ತಳದ ಶೇಷದಲ್ಲಿ ಕಳೆದುಹೋಗುವ ಯುರೇನಿಯಂ-235ರ ಲೆಕ್ಕ ಬಿಟ್ಟು ಸರಳವಾಗಿ ಹೇಳಿದ್ದೇನಾದರೂ ಇದರಲ್ಲಿ ಮುಖ್ಯ ಸಂಗತಿ ಕಾಣುತ್ತದೆ: ಶ್ರಮದ ಬಹುಪಾಲು ಮೊದಲ ಹಂತದಲ್ಲಿಯೇ ಮುಗಿದಿರುತ್ತದೆ ಮತ್ತು 60ರಿಂದ 90ಕ್ಕೆ ಉಳಿಯುವ ದಾರಿ ಅತಿ ಚಿಕ್ಕದು. ಅದಕ್ಕಾಗಿಯೇ 2015ರ ಒಪ್ಪಂದವು ಮಟ್ಟವನ್ನು ಶೇ 3.67ಕ್ಕೂ ದಾಸ್ತಾನನ್ನು 300 ಕಿಲೋಗ್ರಾಂಗೂ ಇರಾನಿನ ನಟಾನ್ಜ್‌ನಲ್ಲಿ ಸಂವರ್ಧನೆ ನಡೆಸುವ, ಅತಿವೇಗವಾಗಿ ತಿರುಗಿ ಪರಮಾಣುಗಳನ್ನು ಬೇರ್ಪಡಿಸುವ ಯಂತ್ರಗಳಾದ ಸೆಂಟ್ರಿಫ್ಯೂಜ್‌ಗಳನ್ನು 5,060ಕ್ಕೂ ಸೀಮಿತಗೊಳಿಸಿ, ಬಾಂಬಿಗೆ ಸಾಕಾಗುವಷ್ಟು ವಸ್ತು ತಯಾರಿಸಲು ಬೇಕಾಗುವ ಅವಧಿಯನ್ನು ಎರಡು ಮೂರು ತಿಂಗಳಿನಿಂದ ಒಂದು ವರ್ಷಕ್ಕೆ ಹಿಗ್ಗಿಸಿತು. ಸಂಧಾನಕಾರರು ಸಂಖ್ಯೆಗಳ ರೂಪದಲ್ಲಿ ಜಗ್ಗಾಡಿದ್ದು ಈ ಕಾಲಾವಕಾಶಕ್ಕಾಗಿ.

ಮೈಸೂರಿನವರಿಗೆ ಈ ಯಂತ್ರ ದೂರದ ವಸ್ತುವೇನಲ್ಲ. ಇಲವಾಲದ ಕಡೆಯ ರತ್ನಹಳ್ಳಿಯಲ್ಲಿ ನಮ್ಮ ಅಣುಶಕ್ತಿ ಇಲಾಖೆಯೂ ಸೆಂಟ್ರಿಫ್ಯೂಜ್‌ಗಳಿಂದಲೇ ಸಂವರ್ಧನೆ ಮಾಡುತ್ತದೆ. ಭಾರತ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕದೇ ಇರುವುದರಿಂದ ಆ ಘಟಕವನ್ನು ಅಂತರರಾಷ್ಟ್ರೀಯ ತಪಾಸಣೆಗೆ ತೆರೆಯುವ ಹೊಣೆ ನಮಗಿಲ್ಲ. ಇರಾನ್ ಸಹಿ ಹಾಕಿದೆ, ಆ ಹೊಣೆಯನ್ನು ತಾನೇ ಒಪ್ಪಿಕೊಂಡಿದೆ. ಆದರೆ ನಟಾನ್ಜ್ ಘಟಕ 2002ರಲ್ಲಿ ದೇಶಭ್ರಷ್ಟ ವಿರೋಧಿಗಳಿಂದ ಬೆಳಕಿಗೆ ಬಂತು, ಕೋಮ್ ನಗರದ ಬಳಿ ಬೆಟ್ಟದೊಳಗಿನ ಫೋರ್ಡೋ ಘಟಕದ ಸುದ್ದಿ 2009ರಲ್ಲಿ ಹೊರಬಿತ್ತು. ನಾಲ್ಕನೆಯ ವಿಧಿಯ ಹಕ್ಕಿನ ಬಗ್ಗೆ ಮಾತನಾಡುವಾಗ ಈ ಎರಡು ವರ್ಷಗಳನ್ನು ಪಕ್ಕಕ್ಕಿಡಲಾಗದು.

ಉತ್ತರ: ಮಾನಸಗಂಗೋತ್ರಿಯ ಹಳೆಯ ವಿದ್ಯಾರ್ಥಿ

ಮೇಲಿನ ಇಬ್ಬರೂ ಸರಿಯಾಗಿ ಬರೆದಿದ್ದಾರೆ, ಆದರೆ ತರಗತಿಯಲ್ಲಿ ಓದುವಾಗ ಇದನ್ನೂ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. 2018ರ ಮೇ 8ರಂದು ಡೊನಾಲ್ಡ್ ಟ್ರಂಪ್ ಒಪ್ಪಂದವನ್ನು ತೊರೆದಾಗ, ಇರಾನ್ ಮಿತಿಗಳನ್ನು ಪಾಲಿಸುತ್ತಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೇ ಮತ್ತೆ ಮತ್ತೆ ದೃಢಪಡಿಸಿತ್ತು. ಅದಾದ ಮೇಲೂ ಇರಾನ್ ಒಂದು ವರ್ಷ ಕಾದು, 2019ರ ಮೇ ತಿಂಗಳಿನಿಂದ ಒಂದೊಂದಾಗಿ ಮಿತಿಗಳನ್ನು ಬಿಡತೊಡಗಿತು. ಶೇ 60ರ ಸಂವರ್ಧನೆ ಆರಂಭವಾದದ್ದು 2021ರ ಏಪ್ರಿಲ್‌ನಲ್ಲಿ, ನಟಾನ್ಜ್‌ನಲ್ಲಿ ವಿಧ್ವಂಸಕ ಕೃತ್ಯ ನಡೆದ ಕೆಲವೇ ದಿನಗಳಲ್ಲಿ. ಮೊದಲು ಮಾತು ಮುರಿದವರಿಗೆ ಯಾವ ಮಂಡಳಿಯೂ ದಂಡ ವಿಧಿಸಲಿಲ್ಲ. 2025ರಲ್ಲಿ ಒಮಾನ್ ಮಧ್ಯಸ್ಥಿಕೆಯಲ್ಲಿ ಅಮೆರಿಕದೊಂದಿಗೆ ಮಾತುಕತೆ ನಡೆಯುತ್ತಿದ್ದಾಗಲೇ, ಮುಂದಿನ ಸುತ್ತಿಗೆ ಎರಡು ದಿನವಿರುವಾಗ, ಜೂನ್ 13ರಂದು ಇಸ್ರೇಲ್ ದಾಳಿ ನಡೆಸಿತು. ಜೂನ್ 22ರಂದು ಅಮೆರಿಕವೇ ಫೋರ್ಡೋ, ನಟಾನ್ಜ್ ಮತ್ತು ಇಸ್ಫಹಾನ್ ಮೇಲೆ ಬಾಂಬ್ ಹಾಕಿತು. ಪ್ರಸರಣ ತಡೆ ಒಪ್ಪಂದದ ಹೊರಗಿರುವ ಇಸ್ರೇಲ್ ಒಳಗಿರುವ ದೇಶದ ಮೇಲೆ ಬಾಂಬ್ ಹಾಕಿದರೆ, ಒಳಗಿರುವುದರಿಂದ ಏನು ಲಾಭವೆಂದು ಟೆಹರಾನಿನ ಸಂಸತ್ತಿನಲ್ಲಿ ಕೇಳುವವರಿಗೆ ಯಾರು ಉತ್ತರ ಕೊಡಬೇಕು? ಈ ಅನ್ಯಾಯವನ್ನು ಹೇಳದೆ ಉಲ್ಲಂಘನೆಯನ್ನಷ್ಟೇ ಹೇಳಿದರೆ ಮಕ್ಕಳಿಗೆ ಅರ್ಧ ಚರಿತ್ರೆಯನ್ನು ಕಲಿಸಿದಂತಾಗುತ್ತದೆ.

ನಮ್ಮ ದೇಶವೂ ಇದರ ಬೆಲೆ ತೆತ್ತಿದೆ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರ ಬಹುಕಾಲ ಇರಾನಿನ ಕಚ್ಚಾತೈಲದ ದೊಡ್ಡ ಗ್ರಾಹಕವಾಗಿತ್ತು. ಇರಾನಿನ ತೈಲ ಕೊಳ್ಳಲು ಅಮೆರಿಕ ಕೊಟ್ಟಿದ್ದ ವಿನಾಯಿತಿ 2019ರ ಮೇ ತಿಂಗಳಲ್ಲಿ ಮುಗಿದ ಮೇಲೆ ಭಾರತ ಆ ಖರೀದಿಯನ್ನು ನಿಲ್ಲಿಸಿತು.

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್, ಪಾಂಡವಪುರ

ಯಾರು ಮೊದಲು ತಪ್ಪಿದರು ಎಂಬ ವಾದ ಮುಗಿಯುವಂಥದ್ದಲ್ಲ. ನನ್ನನ್ನು ಹೆಚ್ಚು ಕಾಡುವುದು ಅಳತೆ ನಿಂತುಹೋದ ಸಂಗತಿ. ಕಾವೇರಿ ವಿಚಾರದಲ್ಲಿ ನಾವೂ ತಮಿಳುನಾಡಿನವರೂ ಎಷ್ಟೇ ಕಾದಾಡಿದರೂ ಬಿಳಿಗುಂಡ್ಲುವಿನಲ್ಲಿ ಹರಿದ ನೀರನ್ನು ಅಳೆಯುವುದು ಕೇಂದ್ರ ಜಲ ಆಯೋಗ; 2018ರ ತೀರ್ಪಿನ 177.25 ಟಿಎಂಸಿ ಪಾಲನೆಯಾಯಿತೇ ಎಂದು ಎರಡೂ ಕಡೆಯವರು ನೋಡುವುದು ಆ ಮಾಪಕವನ್ನೇ. ಅದನ್ನು ಕಿತ್ತುಹಾಕಿದರೆ ತೀರ್ಪು ಕಾಗದದಲ್ಲಷ್ಟೇ ಉಳಿಯುತ್ತದೆ.

ವಿಯೆನ್ನಾ ಒಪ್ಪಂದದ ನಿಜವಾದ ಗಳಿಕೆ ಅಂಥ ಮಾಪಕವಾಗಿತ್ತು. ಗಣಿಯಿಂದ ಬರುವ ಅದಿರಿನ ಸಾಂದ್ರವನ್ನು 25 ವರ್ಷ, ಸೆಂಟ್ರಿಫ್ಯೂಜ್‌ನ ರೋಟರ್ ಕೊಳವೆಗಳ ತಯಾರಿಕೆಯನ್ನು 20 ವರ್ಷ ಲೆಕ್ಕವಿಡಲು ತಪಾಸಕರಿಗೆ ಅವಕಾಶ ಸಿಕ್ಕಿತ್ತು. 2021ರ ಫೆಬ್ರುವರಿಯಲ್ಲಿ ಇರಾನ್ ಹೆಚ್ಚುವರಿ ತಪಾಸಣೆಯನ್ನು ನಿಲ್ಲಿಸಿತು, 2022ರ ಜೂನ್‌ನಲ್ಲಿ 27 ಕ್ಯಾಮೆರಾಗಳನ್ನು ತೆಗೆಸಿತು. 2025ರ ದಾಳಿಯ ಹೊತ್ತಿಗೆ ಶೇ 60ರ ಮಟ್ಟದ ಸುಮಾರು 440 ಕಿಲೋಗ್ರಾಂ ಯುರೇನಿಯಂ ಇತ್ತೆಂದು ಅಣುಶಕ್ತಿ ಸಂಸ್ಥೆ ಅಂದಾಜಿಸಿತು. ಜುಲೈನಲ್ಲಿ ಇರಾನ್ ಸಹಕಾರವನ್ನೇ ಅಮಾನತಿನಲ್ಲಿಟ್ಟಿತು. ಬಾಂಬುಗಳು ಕಟ್ಟಡಗಳ ಜೊತೆಗೆ ಲೆಕ್ಕವನ್ನೂ ಹೂತುಹಾಕಿದವು ಎಂಬುದು ನನ್ನ ನೋವು.

ಪ್ರಶ್ನೆ ಕೇಳಿದವರಿಂದ: ಮಂಡ್ಯದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ತಲೆಕೆಳಗಾದ ವೀಟೋ ವಿಚಾರವನ್ನು ನಾಳೆಯೇ ಹೇಳುತ್ತೇನೆ, 2018ರ ಘಟನೆಯನ್ನೂ ಬಿಡುವುದಿಲ್ಲ. ಎಂಜಿನಿಯರ್ ಅವರಲ್ಲಿ ಒಂದು ಪ್ರಶ್ನೆ: ಕ್ಯಾಮೆರಾ ಇಲ್ಲದ ವರ್ಷಗಳ ಲೆಕ್ಕವನ್ನು ಮುಂದೆ ಯಾವಾಗಲಾದರೂ ಮರಳಿ ಕಟ್ಟಲು ಸಾಧ್ಯವೇ?

ಉತ್ತರ: ಭೌತಶಾಸ್ತ್ರ ಉಪನ್ಯಾಸಕಿ, ಮೈಸೂರು

ಇದು ನನ್ನ ವಿಷಯಕ್ಕೆ ಹತ್ತಿರವಾದ್ದರಿಂದ ನಾನೇ ಹೇಳುತ್ತೇನೆ. ಯುರೇನಿಯಂ ಮಟ್ಟಿಗೆ ಭಾಗಶಃ ಸಾಧ್ಯ. ಒಳಬಂದ ಯುರೇನಿಯಂ ಅನಿಲ, ಹೊರಬಂದ ಉತ್ಪನ್ನ ಮತ್ತು ತಳದ ಶೇಷ ಇವು ತಾಳೆಯಾಗಬೇಕು. ಸಿಲಿಂಡರ್‌ಗಳನ್ನು ತೂಗಿ, ಉಪಕರಣಗಳ ಮೇಲ್ಮೈಯಿಂದ ಒರೆಸಿ ತೆಗೆದ ಧೂಳಿನ ಕಣಗಳನ್ನು ಪರೀಕ್ಷಿಸಿದರೆ ಎಷ್ಟರ ಮಟ್ಟಕ್ಕೆ ಸಂವರ್ಧನೆ ನಡೆದಿತ್ತು ಎಂಬುದು ತಿಳಿಯುತ್ತದೆ. 2023ರಲ್ಲಿ ಫೋರ್ಡೋದಲ್ಲಿ ಶೇ 83.7ರ ಕಣಗಳು ಪತ್ತೆಯಾದದ್ದು ಹೀಗೆಯೇ. ಆದರೆ ತಯಾರಾದ ಸೆಂಟ್ರಿಫ್ಯೂಜ್‌ಗಳ ಲೆಕ್ಕ ಬೇರೆ. ಯಾವುದೋ ಕಾರ್ಖಾನೆಯಲ್ಲಿ ತಯಾರಾಗಿ, ಇನ್ನೂ ಯುರೇನಿಯಂ ತುಂಬಿಸದ ಯಂತ್ರ ಕಣವನ್ನೂ ಬಿಡುವುದಿಲ್ಲ, ಶಾಖವನ್ನೂ ಹೊರಸೂಸುವುದಿಲ್ಲ. ಆ ವರ್ಷಗಳಲ್ಲಿ ಎಷ್ಟು ರೋಟರ್‌ಗಳು ತಯಾರಾದವು ಎಂಬುದಕ್ಕೆ ಇರಾನ್ ತನ್ನ ಕಾರ್ಖಾನೆಗಳ ದಾಖಲೆ ಪುಸ್ತಕಗಳನ್ನು ತೆರೆದು ತೋರಿಸಬೇಕು, ತಪಾಸಕರು ಅವನ್ನು ಕಚ್ಚಾವಸ್ತುಗಳ ಖರೀದಿ ಪತ್ರಗಳೊಂದಿಗೆ ಹೋಲಿಸಿ ನೋಡಬೇಕು. ಮುಂದಿನ ಯಾವುದೇ ಒಪ್ಪಂದದಲ್ಲಿ ಶೇಕಡಾವಾರಿಗಿಂತ ಮೊದಲು ಈ ದಾಖಲೆಗಳನ್ನೇ ಕೇಳಬೇಕು ಎಂದು ನಾನು ನಂಬಿದ್ದೇನೆ.