ತಮ್ಮನ ಬಾಯಿ ತಾನಾಗೇ ಆಡುತ್ತದೆ. ವಿಟಮಿನ್ ಇ, ಬಿ6 ಕೊಡಬಹುದಾ?

ಅಕ್ಕ_ಒಬ್ಬಳು

ನನ್ನ ತಮ್ಮ ಒಂಬತ್ತು ವರ್ಷದಿಂದ ಮನಸ್ಸಿನ ಕಾಯಿಲೆಗೆ ರಿಸ್ಪೆರಿಡೋನ್ ನುಂಗುತ್ತಿದ್ದಾನೆ. ಆ ಮಾತ್ರೆ ಶುರುವಾದ ಮೇಲೇ ಅವನು ಮತ್ತೆ ನಮ್ಮ ಜೊತೆ ಕೂತು ಮಾತಾಡುವ ಹಾಗಾಗಿದ್ದು. ಹಾಗಾಗಿ ಅದನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ನಾಲ್ಕು ತಿಂಗಳಿಂದ ಅವನ ಬಾಯಿ ಸುಮ್ನೆ ಇರುವುದಿಲ್ಲ. ಏನೂ ತಿನ್ನದಿದ್ದರೂ ದವಡೆ ಜಗಿಯುತ್ತಲೇ ಇರುತ್ತದೆ. ನಾಲಿಗೆ ಒಳಗಿನಿಂದ ಕೆನ್ನೆಯನ್ನು ಒತ್ತುತ್ತದೆ, ಹೊರಗಿನಿಂದ ನೋಡಿದರೆ ಅಲ್ಲೊಂದು ಗೋಲಿ ಓಡಾಡಿದ ಹಾಗೆ ಕಾಣುತ್ತದೆ. ನಿದ್ದೆ ಹತ್ತಿದ ಮೇಲೆ ಎಲ್ಲಾ ನಿಲ್ಲುತ್ತದೆ.

ಡಾಕ್ಟರ್ ಇದನ್ನು ಟಾರ್ಡಿವ್ ಡಿಸ್ಕೈನೇಶಿಯಾ ಎಂದರು, ಇಂಥ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಕೆಲವರಿಗೆ ಬರುವ ಅಡ್ಡಪರಿಣಾಮವಂತೆ. ಮುಂದಿನ ಭೇಟಿಗೆ ಇನ್ನೂ ಮೂರು ವಾರ ಇದೆ. ಪರಿಚಯದವರೊಬ್ಬರು "ರಿಸ್ಪೆರಿಡೋನ್ ನಿಲ್ಲಿಸಿ, ವಿಟಮಿನ್ ಇ, ಬಿ6 ಕೊಡಿ, ಸರಿಹೋಗುತ್ತೆ" ಎಂದಿದ್ದಾರೆ. ಯಾರಾದರೂ ಕೊಟ್ಟು ನೋಡಿದ್ದೀರಾ?

ಹಳೇ_ಪೇಷಂಟ್

ದಯವಿಟ್ಟು ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಬಹುದು, ಬಾಯಿ ಆಡುವುದೂ ಜಾಸ್ತಿ ಆಗಬಹುದು.

ಬಿ6 ನುಂಗಿದವನು ನಾನು. ನನ್ನ ತೊಂದರೆ ಬೇರೆ, ಅಕಥೀಸಿಯಾ. ಕೂತರೆ ಕಾಲು ಏಳು ಅನ್ನುತ್ತದೆ, ನಿಂತರೆ ನಡಿ ಅನ್ನುತ್ತದೆ. ಡಾಕ್ಟರ್ ದಿನಕ್ಕೆ 600 ಮಿ.ಗ್ರಾಂನಂತೆ ಐದು ದಿನ ಮಾತ್ರ ಬರೆದುಕೊಟ್ಟರು. ಸ್ವಲ್ಪ ಹಗುರವಾಯಿತು. ಆಮೇಲೆ ಯಾರನ್ನೂ ಕೇಳದೆ ನಾನೇ ತಂದು ತಿಂಗಳುಗಟ್ಟಲೆ ನುಂಗಿದೆ. ವಿಟಮಿನ್ ತಾನೇ, ಏನಾಗುತ್ತೆ ಅಂದುಕೊಂಡಿದ್ದೆ. ಒಂದು ಸಂಜೆ ನಡೆಯುತ್ತಿರುವಾಗ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದಿತ್ತು. ನನಗೆ ಗೊತ್ತೇ ಆಗಲಿಲ್ಲ. ಜೊತೆಗಿದ್ದವರು ಹೇಳಿದ ಮೇಲೆ ಕೆಳಗೆ ನೋಡಿದೆ. ಪಾದ ಅಷ್ಟು ಜೋಮು ಹಿಡಿದಿತ್ತು. ಬಿ6 ಜಾಸ್ತಿಯಾದರೆ ನರಗಳಿಗೇ ಏಟು ಬೀಳುತ್ತದೆ. ನಿಲ್ಲಿಸಿ ವರ್ಷವಾಯಿತು, ಹೆಬ್ಬೆರಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ.

ವಾರ್ಡ್_ನರ್ಸ್

ವಿಟಮಿನ್ ಇ ಬಗ್ಗೆ ತುಂಬಾ ಜನ ಆಸೆ ಇಟ್ಟುಕೊಂಡಿದ್ದರು. 1999ರಲ್ಲಿ ಅಮೆರಿಕದಲ್ಲಿ ದಿನಕ್ಕೆ 1600 ಯೂನಿಟ್‌ನಂತೆ ಎರಡು ವರ್ಷದವರೆಗೂ ಕೊಟ್ಟು ನೋಡಿದರು. ಹೋಲಿಕೆಗೆಂದು ಕೊಟ್ಟ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ನೋಡಿದ 2018ರ ಕೊಕ್ರೇನ್ ವರದಿ ಹೇಳುವುದು ಇಷ್ಟು: ಇನ್ನಷ್ಟು ಕೆಡದಂತೆ ತಡೆಯಬಹುದೇನೋ, ಬಂದಿರುವುದನ್ನು ಕಡಿಮೆ ಮಾಡುವುದಿಲ್ಲ. ರಕ್ತ ತೆಳು ಮಾಡುವ ವಾರ್ಫರಿನ್ ನುಂಗುವವರಿಗೆ ಇದರಿಂದ ರಕ್ತಸ್ರಾವದ ಅಪಾಯವೂ ಇದೆ. ಬಿ6ನಿಂದ ಇಸ್ರೇಲಿನಲ್ಲಿ ಕೆಲವರಿಗೆ ಅನುಕೂಲವಾಗಿದೆ, ಆದರೆ ಅದು 50 ಜನರ ಚಿಕ್ಕ ಪ್ರಯೋಗ, ಡೋಸ್ ದಿನಕ್ಕೆ 1200 ಮಿ.ಗ್ರಾಂ. ಮೇಲಿನವರ ಕಾಲಿನ ಕಥೆ ಓದಿದಿರಲ್ಲ, ಮನೆಯಲ್ಲಿ ನೀವೇ ಮಾಡುವ ಕೆಲಸ ಅಲ್ಲ ಇದು.

ಇದಕ್ಕೇ ಅಂತ ಔಷಧಿ ಇದೆ. ವಾಲ್ಬೆನಜಿನ್, ಡ್ಯೂಟೆಟ್ರಾಬೆನಜಿನ್ ಎರಡಕ್ಕೂ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಡಾಕ್ಟರನ್ನು ಕೇಳಿ. ಇನ್ನೊಂದು, ಅವನು ಟ್ರೈಹೆಕ್ಸಿಫೆನಿಡಿಲ್ ನುಂಗುತ್ತಿದ್ದಾನಾ? ಕೈನಡುಕಕ್ಕೆ ಅದು ಒಳ್ಳೆಯದು, ಆದರೆ ಈ ತೊಂದರೆಯನ್ನು ಜಾಸ್ತಿ ಮಾಡಬಹುದು. ಅದನ್ನೂ ನೀವಾಗಿ ಬಿಡಿಸಬೇಡಿ.

ಈಗ ಡಾಕ್ಟರಿಗೆ ತೋರಿಸಲು ಒಂದು ವಿಡಿಯೋ ಮಾಡಿ. ಚಪ್ಪಲಿ ಬಿಚ್ಚಿಸಿ ಕುರ್ಚಿಯಲ್ಲಿ ಕೂರಿಸಿ. ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ಬೇಗ ಬೇಗ ತಾಗಿಸಲು ಹೇಳಿ. ನೀವು ಬೆರಳು ನೋಡಬೇಡಿ, ಬಾಯಿ ನೋಡಿ. ಗಮನ ಬೆರಳಿನ ಮೇಲಿದ್ದಾಗ ಬಾಯಿ ಆಡುವುದು ಚೆನ್ನಾಗಿ ಗೊತ್ತಾಗುತ್ತದೆ.

ಅಕ್ಕ_ಒಬ್ಬಳು

ಮಾಡಿದೆ. ಬೆರಳು ಓಡಿದಷ್ಟೂ ದವಡೆ ಜೋರಾಯಿತು. ಟ್ರೈಹೆಕ್ಸಿಫೆನಿಡಿಲ್ ಕೂಡ ಇದೆ, ಆರು ವರ್ಷದಿಂದ. ಡಾಕ್ಟರಿಗೆ ಫೋನ್ ಮಾಡಿ ಭೇಟಿಯನ್ನು ಮುಂಚೆ ಕೇಳಿ ಪಡೆದೆ, ಗುರುವಾರ ಹೋಗುತ್ತಿದ್ದೇವೆ. ತಮ್ಮ ವಿಡಿಯೋವನ್ನು ಎರಡು ಸಲ ನೋಡಿದ. "ಇದು ಯಾವಾಗಲೂ ಹೀಗೇ ಆಡುತ್ತಾ ಅಕ್ಕಾ?" ಅಂತ ಕೇಳಿದ. ಅವನಿಗೆ ಇದುವರೆಗೆ ಗೊತ್ತೇ ಇರಲಿಲ್ಲ.