ಬ್ಯಾಕ್ಟೀರಿಯಾದ ಬಾಲ, ಅಟ್ಟದ ಇಲಿಬೋನು

ಪ್ರಸನ್ನ: (ಹಲವು ಬಾರಿ ಫಾರ್ವರ್ಡ್ ಆಗಿದೆ)
ಡಾರ್ವಿನ್ ಬಳಿ ಉತ್ತರವೇ ಇಲ್ಲ!! ಬ್ಯಾಕ್ಟೀರಿಯಾದ ಬಾಲದ ಬುಡದಲ್ಲಿ ಮೋಟಾರ್! ರೋಟರ್, ಸ್ಟೇಟರ್, ಶಾಫ್ಟ್, ಬುಷ್ ಎಲ್ಲಾ ಇದೆ. ನಿಮಿಷಕ್ಕೆ 1 ಲಕ್ಷ ಸುತ್ತು. 40 ಭಾಗದಲ್ಲಿ ಯಾವ ಒಂದು ತೆಗೆದರೂ ನಿಂತುಹೋಗುತ್ತೆ, ಇಲಿಬೋನಿನ ಹಾಗೆ. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಾದವನ್ನು ನಿಷೇಧಿಸಿದೆ! ಎಲ್ಲರಿಗೂ ಕಳಿಸಿ 🙏

ಪ್ರಸನ್ನ: ಮೋಟಾರ್ ಬಿಚ್ಚಿ ಗೊತ್ತಿರೋರು ಈ ಚಿತ್ರ ನೋಡಿ. ತಾನಾಗೇ ಜೋಡಣೆ ಆಗೋ ವಸ್ತುನಾ ಇದು?

ದೊಡ್ಡಪ್ಪ: ಭಗವಂತನ ಸೃಷ್ಟಿ. ನಮ್ಮ ಬುದ್ಧಿಗೆ ಎಟುಕುವಂಥದ್ದಲ್ಲ. 🙏

ವಿನಯ್: ಮೂಲ ಎಲ್ಲಿ ಪ್ರಸನ್ನಣ್ಣ?

ಪ್ರಸನ್ನ: ಶುರು ಆಯ್ತು. ಹೋದ ತಿಂಗಳು ನೀನು ಕಷಾಯದ ಮೆಸೇಜ್ ಹಾಕಿದಾಗ ಯಾರಾದ್ರೂ ಮೂಲ ಕೇಳಿದ್ರಾ?

ವಿನಯ್: ಕಷಾಯ ಅಮ್ಮ ಹಾಕಿದ್ದು, ನಾನಲ್ಲ. ಕೋರ್ಟಿನ ವಿಷಯ ಪೂರಾ ತಪ್ಪು. ಸುಪ್ರೀಂ ಕೋರ್ಟ್ ಅಲ್ಲ, ಪೆನ್ಸಿಲ್ವೇನಿಯಾದ ಫೆಡರಲ್ ಜಿಲ್ಲಾ ಕೋರ್ಟ್. ಡೋವರ್ ಅನ್ನೋ ಊರಿನ ಶಾಲಾ ಮಂಡಳಿ 2004ರ ಅಕ್ಟೋಬರ್‌ನಲ್ಲಿ ಒಂದು ನಿರ್ಣಯ ಮಾಡ್ತು. ಡಾರ್ವಿನ್ ಸಿದ್ಧಾಂತದಲ್ಲಿ ತೂತಿದೆ, ಇಂಟೆಲಿಜೆಂಟ್ ಡಿಸೈನ್ (ಜೀವಿಗಳನ್ನ ಯಾವುದೋ ಬುದ್ಧಿಶಕ್ತಿ ಯೋಚಿಸಿ ರೂಪಿಸಿದೆ ಅನ್ನೋ ವಾದ) ಅಂತ ಇನ್ನೊಂದಿದೆ ಅಂತ ಒಂಬತ್ತನೇ ಕ್ಲಾಸಿನ ಬಯಾಲಜಿ ಮಕ್ಕಳಿಗೆ ಓದಿ ಹೇಳಬೇಕು ಅಂತ. 11 ಜನ ಪೋಷಕರು ಕೇಸ್ ಹಾಕಿದ್ರು. 2005ರ ಡಿಸೆಂಬರ್ 20ಕ್ಕೆ ಜಡ್ಜ್ ಜಾನ್ ಜೋನ್ಸ್ 139 ಪುಟದ ತೀರ್ಪು ಕೊಟ್ರು: ಇದು ವಿಜ್ಞಾನ ಅಲ್ಲ, ಸರ್ಕಾರಿ ಶಾಲೆಯ ವಿಜ್ಞಾನದ ತರಗತಿಗೆ ತರೋದು ಸಂವಿಧಾನಕ್ಕೆ ವಿರುದ್ಧ. ಪುಸ್ತಕ ಬರೆಯೋದಕ್ಕೆ, ಭಾಷಣ ಮಾಡೋದಕ್ಕೆ ಯಾರಿಗೂ ತಡೆ ಇಲ್ಲ.

ಪ್ರಸನ್ನ: ಒಬ್ಬ ಜಡ್ಜ್‌ಗೆ ಬ್ಯಾಕ್ಟೀರಿಯಾ ಬಗ್ಗೆ ಏನು ಗೊತ್ತಿರುತ್ತೆ?

ವಿನಯ್: ಆರು ವಾರ ಎರಡೂ ಕಡೆಯ ವಿಜ್ಞಾನಿಗಳನ್ನ ಕೂರಿಸಿ ಕೇಳಿದ್ದಾರಣ್ಣ. ಇಲಿಬೋನಿನ ಹೋಲಿಕೆ ಕೊಟ್ಟ, ಇಂಟೆಲಿಜೆಂಟ್ ಡಿಸೈನ್ ಪರದ ವಿಜ್ಞಾನಿ ಮೈಕೆಲ್ ಬೀಹಿ ಅವರೇ ಸಾಕ್ಷಿ ಹೇಳಿದ್ರು. ವಿಜ್ಞಾನದ ಸಿದ್ಧಾಂತ ಅನ್ನೋದಕ್ಕೆ ಅವರು ಕೊಟ್ಟ ವ್ಯಾಖ್ಯೆಯಲ್ಲಿ ಜ್ಯೋತಿಷ್ಯವೂ ಸೇರುತ್ತೆ ಅಂತ ಪಾಟೀಸವಾಲಿನಲ್ಲಿ ಒಪ್ಪಿಕೊಂಡ್ರು. ಆ ಶಾಲೆ ಮಕ್ಕಳಿಗೆ ಶಿಫಾರಸು ಮಾಡಿದ 'ಆಫ್ ಪಾಂಡಾಸ್ ಅಂಡ್ ಪೀಪಲ್' ಪುಸ್ತಕದ ಹಳೇ ಕರಡುಗಳೂ ಹೊರಗೆ ಬಂದ್ವು. ಸೃಷ್ಟಿವಾದವನ್ನ ಶಾಲೆಯಲ್ಲಿ ಕಲಿಸೋಹಾಗಿಲ್ಲ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 'ಕ್ರಿಯೇಷನಿಸ್ಟ್ಸ್' ಇದ್ದ ಕಡೆಯೆಲ್ಲಾ 'ಡಿಸೈನ್ ಪ್ರೊಪೊನೆಂಟ್ಸ್' ಅಂತ ಬದಲಾಯಿಸಿದ್ರು. ಒಂದು ಕಡೆ ಹಳೇ ಪದ ಪೂರ್ತಿ ಅಳಿಸಿಲ್ಲ, 'ಸಿಡಿಸೈನ್ ಪ್ರೊಪೊನೆಂಟ್‌ಸಿಸ್ಟ್ಸ್' ಅಂತ ಉಳಿದುಬಿಟ್ಟಿದೆ. ಮುಂದೆ ಒಂದು ತುಂಡು, ಹಿಂದೆ ಒಂದು ತುಂಡು.

ಮಾಲತಿ ಅತ್ತೆ: ಇಲಿಬೋನು ಅಂದ್ರಲ್ಲ, ಊರ ಮನೆ ಅಟ್ಟದ ಮೇಲೆ ಒಂದಿತ್ತು, ಜ್ಞಾಪಕ ಇದೆಯಾ? ಮರದ ಚೌಕಟ್ಟು, ಸುತ್ತ ತಂತಿ ಜಾಲರಿ, ಒಳಗಡೆ ಕೊಕ್ಕೆಗೆ ಕೊಬ್ಬರಿ ಚೂರು.

ದೊಡ್ಡಪ್ಪ: ಮಾಲತಿ, ಮಕ್ಕಳು ಗಂಭೀರವಾಗಿ ಮಾತಾಡ್ತಿದ್ದಾರೆ.

ಸುಧಾ: ಈಗ ನೋಡ್ದೆ. ಮೋಟಾರ್ ಅನ್ನೋದು ನಿಜ ಪ್ರಸನ್ನಣ್ಣ, ಅದ್ಭುತ ಅನ್ನೋದೂ ನಿಜ. ಆದ್ರೆ 1 ಲಕ್ಷ ಸುತ್ತು ವಿಬ್ರಿಯೋ ಅನ್ನೋ ಜಾತಿಯ ಬ್ಯಾಕ್ಟೀರಿಯಾದಲ್ಲಿ ಸೋಡಿಯಂ ಹರಿವಿನಿಂದ ತಿರುಗೋ ಮೋಟಾರ್‌ದು. ಚಿತ್ರದಲ್ಲಿರೋ ಇ. ಕೋಲಿಯದು ಪ್ರೋಟಾನ್ ಹರಿವಿನಿಂದ ತಿರುಗುತ್ತೆ, ಸೆಕೆಂಡಿಗೆ ಸುಮಾರು 300, ಅಂದ್ರೆ ನಿಮಿಷಕ್ಕೆ 18,000. ಒಂದರ ಫೋಟೋಗೆ ಇನ್ನೊಂದರ ಅಂಕಿ ಅಂಟಿಸಿದ್ದಾರೆ.

ಪ್ರಸನ್ನ: 18 ಸಾವಿರ ಏನು ಕಮ್ಮಿನಾ?

ಸುಧಾ: ಕಮ್ಮಿ ಅಂತ ನಾನು ಹೇಳಲಿಲ್ಲ. 'ಯಾವ ಒಂದು ತೆಗೆದರೂ ನಿಲ್ಲುತ್ತೆ' ಅನ್ನೋದನ್ನ ಭಾಗ ಭಾಗವಾಗಿ ನೋಡೋಣ. ಸ್ಟೇಟರ್ ಅಂದ್ರೆ ತಾನು ನಿಂತಲ್ಲೇ ನಿಂತು ರೋಟರನ್ನ ತಿರುಗಿಸೋ ಭಾಗ, ಇಲ್ಲಿ ಮಾಟ್‌ಎ, ಮಾಟ್‌ಬಿ ಪ್ರೋಟೀನ್. ಅದನ್ನ ಪೂರ್ತಿ ತೆಗೆದ್ರೆ ಬಾಲ ಬೆಳೆಯುತ್ತೆ, ತಿರುಗಲ್ಲ. ಅಂಥ ಬ್ಯಾಕ್ಟೀರಿಯಾಕ್ಕೆ ಮತ್ತೆ ಆ ಪ್ರೋಟೀನ್ ಮಾಡೋ ಶಕ್ತಿ ಕೊಟ್ಟು ನೋಡಿದ್ರು. ಸ್ಟೇಟರ್ ಒಂದೊಂದೇ ಬಂದು ಕೂರ್ತಿದ್ದ ಹಾಗೆ ವೇಗ ಮೆಟ್ಟಿಲು ಮೆಟ್ಟಿಲಾಗಿ ಏರ್ತು. ಒಂದೇ ಇದ್ರೂ ತಿರುಗುತ್ತೆ, ಹನ್ನೊಂದಿದ್ರೂ ತಿರುಗುತ್ತೆ. ಲೋಡ್ ಜಾಸ್ತಿಯಾದ್ರೆ ಓಡ್ತಿರುವಾಗಲೇ ಹೊಸದು ಬಂದು ಸೇರುತ್ತೆ.

ಪ್ರಸನ್ನ: ಸ್ಟೇಟರ್ ಬಿಡು. ರೋಟರ್ ತೆಗಿ ನೋಡೋಣ.

ಸುಧಾ: ಅದು ಸರಿಯಾದ ಪ್ರಶ್ನೆ. ಒಳಪೊರೆಯಲ್ಲಿ ಮೊದಲು ಕೂರೋ ಉಂಗುರ ಫ್ಲಿಎಫ್. ಅದಿಲ್ಲ ಅಂದ್ರೆ ಏನೂ ಕಟ್ಟೋದೇ ಇಲ್ಲ. ಅದರ ಕೆಳಗೆ ಸಿ-ಉಂಗುರ, ಸುಮಾರು 45 ನ್ಯಾನೋಮೀಟರ್ ಅಗಲ. ನಡುವೆ ಪ್ರೋಟೀನ್ ಹೊರಗೆ ತಳ್ಳೋ ಯಂತ್ರ. ಆಮೇಲೆ ಶಾಫ್ಟ್, ಆಮೇಲೆ ಕೊಂಡಿ. ಕೊಂಡಿ 55 ನ್ಯಾನೋಮೀಟರ್ ಆದ ತಕ್ಷಣ ಅದನ್ನ ನಿಲ್ಲಿಸಿ ಬಾಲದ ಎಳೆ ಶುರುಮಾಡಬೇಕು. ಆ ಅಳತೆ ನೋಡೋದು ಫ್ಲಿಕೆ. ಅದು ಹೋದ್ರೆ ಕೊಂಡಿ ನಿಲ್ಲದೆ ಉದ್ದ ಬೆಳೀತಾ ಹೋಗುತ್ತೆ, ಎಳೆ ಹುಟ್ಟೋದೇ ಇಲ್ಲ. ಎಳೆ ಬೆಳೆಯೋದು ಬುಡದಿಂದ ಅಲ್ಲ, ತುದಿಯಿಂದ. ಒಳಗೆ 2 ನ್ಯಾನೋಮೀಟರ್ ಕೊಳವೆ ಇದೆ, ಒಂದೊಂದೇ ಪ್ರೋಟೀನ್ ಬಿಚ್ಚಿಕೊಂಡು ಅದರೊಳಗೆ ಹೋಗಿ ತುದಿಯಲ್ಲಿ ಮಡಚಿ ಕೂರುತ್ತೆ.

ಪ್ರಸನ್ನ: ನೋಡು, ನೀನೇ ಹೇಳ್ತಿದೀಯ, ಒಂದು ಹೋದ್ರೆ ಎಲ್ಲಾ ಹೋಯ್ತು ಅಂತ.

ಸುಧಾ: ಇವತ್ತಿನ ಯಂತ್ರಕ್ಕೆ ಇವತ್ತು ಏನು ಬೇಕು ಅನ್ನೋದು ಮಾತ್ರ ಅದರಿಂದ ಗೊತ್ತಾಗುತ್ತೆ. ಮೊದಲಿನಿಂದ ಎಲ್ಲಾ ಒಟ್ಟಿಗೇ, ಇದೇ ಕೆಲಸಕ್ಕೇ ಇತ್ತು ಅಂತ ಗೊತ್ತಾಗಲ್ಲ. ಮಾಟ್‌ಎ, ಮಾಟ್‌ಬಿ ನೆಂಟರು ಎಕ್ಸ್‌ಬಿಬಿ, ಎಕ್ಸ್‌ಬಿಡಿ. ಅವಕ್ಕೂ ಬಾಲಕ್ಕೂ ಸಂಬಂಧ ಇಲ್ಲ, ಹೊರಪೊರೆಯಲ್ಲಿ ಕಬ್ಬಿಣ ಒಳಗೆ ತರೋದಕ್ಕೆ ಶಕ್ತಿ ಕೊಡ್ತವೆ. ಪ್ರೋಟೀನ್ ತಳ್ಳೋ ಯಂತ್ರದ ಫ್ಲಿಐ, ನಮ್ಮ ಜೀವಕೋಶದಲ್ಲೂ ಇರೋ, ಕೋಶಕ್ಕೆ ಬೇಕಾದ ಶಕ್ತಿ ತಯಾರಿಸೋ ಎಟಿಪಿ ಸಿಂಥೇಸ್‌ನ ಭಾಗಕ್ಕೆ ನೆಂಟ.

ವಿನಯ್: ಇನ್ನೂ ಸುಲಭದ್ದಿದೆ, ತಗೊಳ್ಳಿ. (ಫಾರ್ವರ್ಡ್ ಆಗಿದೆ) ಬಾಲ ಕಿತ್ತ ಬ್ಯಾಕ್ಟೀರಿಯಾ 4 ದಿನದಲ್ಲಿ ಹೊಸ ಬಾಲ ವಿಕಾಸ ಮಾಡಿಕೊಂಡಿತು! ಇಂಟೆಲಿಜೆಂಟ್ ಡಿಸೈನ್ ಢಮಾರ್!

ಪ್ರಸನ್ನ: ಮೂಲ ಎಲ್ಲಿ ವಿನಯ್?

ಸುಧಾ: ಪ್ರಸನ್ನಣ್ಣ ಕೇಳಿದ್ದು ಸರಿ. ವಿನಯ್, ಪ್ರಯೋಗ ನಿಜ, 2015ರಲ್ಲಿ ಪ್ರಕಟವಾಗಿದೆ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾದಲ್ಲಿ ಫ್ಲೆಕ್ಯೂ ಅನ್ನೋ ಒಂದು ಜೀನ್ ತೆಗೆದ್ರು. 'ಬಾಲ ಕಟ್ಟು' ಅಂತ ಆಜ್ಞೆ ಕೊಡೋದು ಅದು. ಬಾಲದ ಭಾಗಗಳ ಜೀನ್‌ಗಳು ಹಾಗೇ ಇದ್ವು. ಮೆತ್ತನೆ ಅಗರ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ) ಮೇಲೆ ಸುತ್ತಲಿನ ಆಹಾರ ಮುಗಿದ ಮೇಲೆ, 96 ಗಂಟೆಯೊಳಗೆ ಮತ್ತೆ ಈಜಾಡಿದ್ವು. ಮೊದಲ ಬದಲಾವಣೆ ಎನ್‌ಟಿಆರ್‌ಬಿ ಅನ್ನೋ ಜೀನ್‌ನಲ್ಲಿ, ಅದರಿಂದ ಸಾರಜನಕದ ಲೆಕ್ಕ ನೋಡೋ ಎನ್‌ಟಿಆರ್‌ಸಿ ಅತಿಯಾಗಿ ಚುರುಕಾಯ್ತು. ಎರಡನೇದು ಎನ್‌ಟಿಆರ್‌ಸಿಯಲ್ಲೇ, ಅದು ತನ್ನ ಕೆಲಸ ಬಿಟ್ಟು ಬಾಲದ ಜೀನ್‌ಗಳ ಕಡೆ ತಿರುಗ್ತು. ಫ್ಯಾನಿನ ಸ್ವಿಚ್ ಕಿತ್ರೆ ಪಕ್ಕದ ಸ್ವಿಚ್‌ನಿಂದ ಫ್ಯಾನ್ ಓಡಿದ ಹಾಗೆ. ಎರಡೇ ಹೆಜ್ಜೆಯಲ್ಲಿ ಹಳೇ ಪ್ರೋಟೀನ್‌ಗೆ ಹೊಸ ಕೆಲಸ ಬಂತು, ಅದು ದೊಡ್ಡ ವಿಷಯ. ಆದ್ರೆ ಫ್ಯಾನನ್ನು ಯಾರೂ ಹೊಸದಾಗಿ ಮಾಡಲಿಲ್ಲ.

ವಿನಯ್: ಪ್ಲೇಗ್ ಬ್ಯಾಕ್ಟೀರಿಯಾ ನಮ್ಮ ಜೀವಕೋಶಕ್ಕೆ ಪ್ರೋಟೀನ್ ಚುಚ್ಚೋ ಸೂಜಿಯಿಂದ ಬಾಲ ಬಂತು ಅನ್ನೋದಾದ್ರೂ ಸರಿ ತಾನೆ ಸುಧಕ್ಕ?

ಸುಧಾ: ಅದೂ ಹಾಗಲ್ಲ ಕಣೋ. ಎರಡೂ ನೆಂಟರು, ಬುಡದ ಭಾಗ ಒಂದೇ ಥರ. ಆದ್ರೆ ಜೀನ್ ಹೋಲಿಸಿ ನೋಡಿದ್ರೆ ಬಾಲದಿಂದ ಸೂಜಿ ಬಂದಿರೋ ಹಾಗೆ ಕಾಣುತ್ತೆ. ಮೊಮ್ಮಗನನ್ನ ತಾತ ಅನ್ನಬೇಡ. ಅಷ್ಟು ಭಾಗ ಮಾತ್ರ ಇದ್ರೂ ಬೇರೆ ಕೆಲಸಕ್ಕೆ ಬರುತ್ತೆ ಅಂತ ಹೇಳು, ಅದು ನಿಲ್ಲುತ್ತೆ.

ದೊಡ್ಡಪ್ಪ: ಇಷ್ಟೆಲ್ಲಾ ಓದಿ ದೇವರಿಲ್ಲ ಅಂತ ಸಾಧಿಸೋದಾ ಸುಧಾ? ನಿಮ್ಮಪ್ಪ ಸಂಧ್ಯಾವಂದನೆ ಬಿಟ್ಟವನಲ್ಲ.

ಸುಧಾ: ದೇವರ ಮಾತು ನಾನು ಎತ್ತಲೇ ಇಲ್ಲ ದೊಡ್ಡಪ್ಪ. ಡೋವರ್‌ನಲ್ಲಿ ಪೋಷಕರ ಪರ ಮೊದಲು ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ನಂಬಿಕಸ್ಥ ಕ್ಯಾಥೊಲಿಕ್. ಆ ಕಡೆಯ ಬೀಹಿ ಅವರೂ ಎಲ್ಲಾ ಜೀವಿಗಳ ಮೂಲ ಒಂದೇ ಅಂತ ಒಪ್ತಾರೆ. ಜಗಳ ಇದ್ದದ್ದು ಬೇರೆ ಕಡೆ.

ಪ್ರಸನ್ನ: ನಮ್ಮ ಹತ್ತನೇ ಕ್ಲಾಸ್ ಪುಸ್ತಕದಿಂದಲೇ ವಿಕಾಸ ತೆಗೆದ್ರಲ್ಲ, ಅದಕ್ಕೇನಂತೀರಿ?

ವಿನಯ್: ಎನ್‌ಸಿಇಆರ್‌ಟಿ 2023ರಲ್ಲಿ ತೆಗೀತು, ನಿಜ. ಮಕ್ಕಳಿಗೆ ಹೊರೆ ಇಳಿಸೋಕೆ ಅಂದ್ರು, ತಪ್ಪು ಅನ್ನಲಿಲ್ಲ. ಹನ್ನೆರಡನೇ ಕ್ಲಾಸಿನ ಬಯಾಲಜಿಯಲ್ಲಿ ಇನ್ನೂ ಇದೆ. ಬಯಾಲಜಿ ತಗೊಳ್ಳದ ಮಗು ಮಾತ್ರ ಇದನ್ನ ಓದದೇ ಶಾಲೆ ಮುಗಿಸುತ್ತೆ. ನನಗೆ ಅದೇ ಸಂಕಟ.

ಮಾಲತಿ ಅತ್ತೆ: ಆ ಬೋನಿನ ಸ್ಪ್ರಿಂಗ್ ಹೋದ ಮೇಲೆ ಅಮ್ಮ ಅದನ್ನ ಎಸೀಲಿಲ್ಲ. ಬಿತ್ತನೆಗೆ ಇಟ್ಟ ಹೀರೆ ಬೀಜ ಅದರೊಳಗೆ ಹಾಕಿ, ಬಾಗಿಲಿಗೆ ದಾರ ಕಟ್ಟಿ ಒಲೆ ಮೇಲೆ ತೂಗುಹಾಕ್ತಿದ್ರು. ಒಂದು ಇಲೀನೂ ಮುಟ್ಟುತ್ತಿರಲಿಲ್ಲ.

ಸುಧಾ: ಅತ್ತೆ, ಎರಡು ಗಂಟೆಯಿಂದ ನಾನು ಹೇಳೋಕೆ ಒದ್ದಾಡ್ತಿರೋದು ಇದನ್ನೇ.

ಪ್ರಸನ್ನ: ಬೋನು ಮಾಡಿದೋನು ಆಚಾರಿ ತಾನೆ? ತಾನಾಗೇ ಆಯ್ತಾ?

ಸುಧಾ: ಬೋನು ಮರಿ ಹಾಕಲ್ಲ ಪ್ರಸನ್ನಣ್ಣ. ಅನುಕೂಲ ಇದ್ರೆ ಇ. ಕೋಲಿ ಥರದ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾಗುತ್ತೆ, ನಕಲಿನಲ್ಲಿ ತಪ್ಪು ಮಾಡುತ್ತೆ. ಶಾಫ್ಟ್, ಕೊಂಡಿ, ಎಳೆ ಮೂರರ ಪ್ರೋಟೀನೂ ಒಂದೇ ಮನೆತನದವು, ಒಂದೇ ಜೀನಿನ ನಕಲುಗಳು ಬೇರೆ ಬೇರೆಯಾದಂಥವು. 40 ಭಾಗ ಅಂದ್ರೆ 40 ಬಿಡಿ ಆವಿಷ್ಕಾರ ಅಲ್ಲ.

ಪ್ರಸನ್ನ: ಆ ಮೂರರ ಹೋಲಿಕೆ ಚಿತ್ರ ಇದ್ರೆ ಕಳಿಸು. ನೋಡಿ ಹೇಳ್ತೀನಿ. ಒಪ್ಪಿದೆ ಅಂತಲ್ಲ.

ದೊಡ್ಡಪ್ಪ: ಮಾಲತಿ, ಆ ಬೋನು ಅಟ್ಟದಲ್ಲಿ ಇನ್ನೂ ಇದೆ. ಭಾಗ ಆದಾಗ ನಿಮ್ಮಣ್ಣ ತಗೊಂಡು ಹೋದ ಅಂತ ನೀನು ಅಂದಿದ್ದೆ. ಅವನು ತಗೊಂಡಿರಲಿಲ್ಲ.