ಸ್ಪೋರ್ಟ್ಸ್ ಕಾರು, ಸುಡು ಬಿಸಿಲು: ಕೇಳಿ, ಉತ್ತರ ಕೊಡ್ತೀನಿ

ಅಡ್ಮಿನ್: ಸ್ನೇಹಿತರೇ, ಪೋರ್ಷೆ, ಫೆರಾರಿ, ಲ್ಯಾಂಬೊರ್ಗಿನಿ ಥರದ ಗಾಡಿಗಳ ರಿಪೇರಿಯಲ್ಲೇ ಪಳಗಿರೋ ವರ್ಕ್‌ಶಾಪ್ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ವಿಷಯ ಒಂದೇ, ಬಿಸಿಲು ಜಾಸ್ತಿ ಇರೋ ಕಡೆ ಈ ಗಾಡಿಗಳನ್ನ ಹೇಗೆ ಕಾಪಾಡ್ಕೊಳ್ಳೋದು. ಮಾಡೆಲ್, ವರ್ಷ ಬರೆದು ಕೇಳಿ. ಜಗಳ ಬೇಡ.

ವರ್ಕ್‌ಶಾಪ್ ಮೇಡಂ: ಎಲ್ಲರಿಗೂ ನಮಸ್ಕಾರ. ಕೈಯಲ್ಲಿ ಕೆಲಸ ಇಟ್ಕೊಂಡೇ ಬರೀತಿದ್ದೀನಿ, ತಡ ಆದ್ರೆ ಬೇಜಾರಾಗಬೇಡಿ. "ಗಾಡಿ ಬಿಸಿ ಆಗ್ತಿದೆ, ಏನ್ ಮಾಡ್ಲಿ" ಅಂತ ಒಂದೇ ಸಾಲು ಬರೆದ್ರೆ ಮಾತ್ರ ನನ್ನಿಂದ ಏನೂ ಹೇಳೋಕಾಗಲ್ಲ.

ನೀಲಿಮಿಂಚು: ಮೇಡಂ, ಮೆಕ್‌ಲಾರೆನ್ 570ಎಸ್. ಇಂಜಿನ್ ಆಫ್ ಮಾಡಿ ಇಳಿದ ಮೇಲೂ ಹಿಂದೆ ಫ್ಯಾನ್ ಓಡ್ತಾನೇ ಇರುತ್ತೆ. ಬ್ಯಾಟರಿ ತಿನ್ನುತ್ತೆ ಅಂತ ಭಯ. ಫ್ಯೂಸ್ ಕಿತ್ತುಬಿಡಬಹುದಾ?

ವರ್ಕ್‌ಶಾಪ್ ಮೇಡಂ: ಕೀಳಬೇಡಿ. ಇಂಜಿನ್ ಮಧ್ಯದಲ್ಲಿರೋ ಗಾಡಿ ನಿಂತ ತಕ್ಷಣ ಒಳಗೆ ಗಾಳಿ ಆಡೋದು ನಿಲ್ಲುತ್ತೆ. ಆಫ್ ಮಾಡಿದ ಮೇಲಿನ ಕೆಲವು ನಿಮಿಷ ಇಂಜಿನ್ ಬೇ ಇನ್ನೂ ಬಿಸಿ ಏರುತ್ತೆ. ಟರ್ಬೊ ಬೇರಿಂಗ್ ಒಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟೋದು ಆಗಲೇ. ಆ ಫ್ಯಾನ್ ಇರೋದೇ ಅದಕ್ಕೆ. ಬ್ಯಾಟರಿ ನಿಲ್ತಿಲ್ಲ ಅಂದ್ರೆ ಬಹುಶಃ ಬ್ಯಾಟರಿ ಹಳೇದಾಗಿದೆ. ಸೆಕೆಗೆ ಬ್ಯಾಟರಿ ಬೇಗ ಸಾಯುತ್ತೆ. ದಿನಾ ಓಡಿಸಲ್ಲ ಅಂದ್ರೆ ಬ್ಯಾಟರಿ ಇಳಿಯದ ಹಾಗೆ ನೋಡ್ಕೊಳ್ಳೋ ಮೇಂಟೇನರ್ ಚಾರ್ಜರ್ ಹಾಕಿಡಿ.

ಹಳೇಹುಲಿ: ಈ ಬಿಸಿಲಿಗೆ 0ಡಬ್ಲ್ಯು-40 ಇಂಜಿನ್ ಆಯಿಲ್ ನೀರಿದ್ದ ಹಾಗೆ. ನಾನು ಎಲ್ಲ ಗಾಡಿಗೂ 10ಡಬ್ಲ್ಯು-60 ಹಾಕಿಸ್ತೀನಿ. ಸರಿ ತಾನೇ ಮೇಡಂ?

ವರ್ಕ್‌ಶಾಪ್ ಮೇಡಂ: ಸರಿಯಿಲ್ಲ ಸರ್. ಡಬ್ಲ್ಯುಗೆ ಮೊದಲು ಬರೋ ಅಂಕಿ ಚಳಿಯಲ್ಲಿ ಸ್ಟಾರ್ಟ್ ಆಗೋದಕ್ಕೆ ಸಂಬಂಧಪಟ್ಟಿದ್ದು. ಆಮೇಲೆ ಬರೋ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನೋದು. 0ಡಬ್ಲ್ಯು-40, 10ಡಬ್ಲ್ಯು-40 ಎರಡೂ ಇಂಜಿನ್ ಕಾದ ಮೇಲೆ ಒಂದೇ ದರ್ಜೆಯವು. ಹೊರಗೆ 45 ಡಿಗ್ರಿ ಇದ್ರೂ ಇಂಜಿನ್ ಬಿಸಿ ಹತೋಟಿಯಲ್ಲಿಡೋ ಥರ್ಮೋಸ್ಟಾಟ್, ಆಯಿಲ್ ಕೂಲರ್ ಸರಿಯಿದ್ರೆ ಒಳಗಿನ ಆಯಿಲ್ ತನ್ನ ಮಿತಿಯಲ್ಲೇ ಇರುತ್ತೆ. 10ಡಬ್ಲ್ಯು-60 ಬೇಕಾಗಿದ್ದು ಬಿಎಂಡಬ್ಲ್ಯು ಎಂನ ಕೆಲವು ಹಳೇ ಇಂಜಿನ್‌ಗಳಿಗೆ, ಆ ವಿ10 ಎಂ5, ವಿ8 ಎಂ3 ಥರದವಕ್ಕೆ. ಬೇರೆಯವಕ್ಕೆ ಗಾಡಿ ಜೊತೆ ಬರೋ ಪುಸ್ತಕದಲ್ಲಿ ಏನಿದೆಯೋ ಅದು. ಬಿಸಿ ಪ್ರದೇಶಕ್ಕೆ ಅಂತ ಬೇರೆ ಗ್ರೇಡ್ ಅಲ್ಲೇ ಬರೆದಿದ್ರೆ ಅದನ್ನ ಹಾಕಿ.

ಗಲ್ಲಾರ್ಡೊವಾಲಾ: 2006 ಗಲ್ಲಾರ್ಡೊ, ಇ-ಗೇರ್. ಟ್ರಾಫಿಕ್‌ನಲ್ಲಿ ಕ್ಲಚ್ ಸುಟ್ಟ ವಾಸನೆ. ಹೋದ ಸಲ ಕ್ಲಚ್ ಹಾಕಿಸಿ ಜಾಸ್ತಿ ದಿನ ಆಗಿಲ್ಲ. ಪಾರ್ಟ್ ಡೂಪ್ಲಿಕೇಟಾ?

ವರ್ಕ್‌ಶಾಪ್ ಮೇಡಂ: ಪಾರ್ಟ್‌ಗಿಂತ ಮೊದಲು ಕಾಲಿನ ಮೇಲೆ ಅನುಮಾನ. ಇ-ಗೇರ್ ಆಟೋಮ್ಯಾಟಿಕ್ ಅಲ್ಲ. ಒಂದೇ ಕ್ಲಚ್ಚಿನ ಮ್ಯಾನ್ಯುಯಲ್ ಗೇರ್‌ಬಾಕ್ಸು, ನಿಮ್ಮ ಎಡಗಾಲಿನ ಕೆಲಸ ಹೈಡ್ರಾಲಿಕ್ ಪಂಪ್ ಮಾಡುತ್ತೆ ಅಷ್ಟೆ. ಆಮೆ ನಡಿಗೆಯಲ್ಲಿ ಇಂಚಿಂಚೇ ಹೋದ್ರೆ ಅಷ್ಟು ಹೊತ್ತೂ ಕ್ಲಚ್ ಉಜ್ಜುತ್ತಿರುತ್ತೆ. ಮುಂದೆ ಜಾಗ ಆಗೋವರೆಗೂ ನ್ಯೂಟ್ರಲ್‌ನಲ್ಲಿ ನಿಲ್ಲಿ, ಆಮೇಲೆ ಒಂದೇ ಸಲ ಹೊರಡಿ. ಏರಿನಲ್ಲಿ ರಿವರ್ಸ್ ಬೇಡವೇ ಬೇಡ, ಕ್ಲಚ್ ತಿನ್ನೋದು ಅದೇ. ಕ್ಲಚ್ ಹಾಕಿದವರು ಅದು ಹಿಡಿಯೋ ಪಾಯಿಂಟ್ ಕಂಪ್ಯೂಟರ್‌ನಲ್ಲಿ ಸೆಟ್ ಮಾಡಿದ್ರಾ ಅಂತಲೂ ಕೇಳಿ. ಅದು ತಪ್ಪಿದ್ರೂ ಇದೇ ಕಥೆ.

ಟಾಪ್‌ಡೌನ್: ನನ್ನದು ಕನ್ವರ್ಟಿಬಲ್. ರೂಫ್ ಅರ್ಧಕ್ಕೆ ಬಂದು ನಿಲ್ಲುತ್ತೆ, ಮಧ್ಯಾಹ್ನ ಮಾತ್ರ. ಯಾಕೆ?

ಟರ್ಬೊ997: ಮೇಡಂ, 2008 ಪೋರ್ಷೆ 911 ಟರ್ಬೊ. ಕೂಲೆಂಟ್ ಆಗಾಗ ಸ್ವಲ್ಪ ಇಳಿದಿರುತ್ತೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಬಿಸಿಲಲ್ಲಿ ಜೋರಾಗಿ ಓಡಿಸಿ ಬಂದು ನಿಲ್ಲಿಸಿದ್ರೆ ಹಿಂಭಾಗದಲ್ಲಿ ಸಿಹಿ ವಾಸನೆ. ಮೀಟರ್ ಮುಳ್ಳು ಒಂದು ದಿನವೂ ಅಲ್ಲಾಡಿಲ್ಲ. ಮೆಕ್ಯಾನಿಕ್ "ಸೆಕೆಗೆ ಆವಿ ಆಗುತ್ತೆ, ಟಾಪ್ ಅಪ್ ಮಾಡ್ತಿರಿ" ಅಂದ. ಮುಂದಿನ ವಾರ ರೇಸ್ ಟ್ರ್ಯಾಕ್‌ನಲ್ಲಿ ನಮ್ಮ ಗಾಡಿ ಓಡಿಸೋ ಟ್ರ್ಯಾಕ್ ಡೇ ಇದೆ, ಹೋಗಬಹುದು ಅಲ್ವಾ?

ವರ್ಕ್‌ಶಾಪ್ ಮೇಡಂ: ಹೋಗಬೇಡಿ. ಉಳಿದವರು ಸ್ವಲ್ಪ ಕಾಯಿರಿ, ಇದನ್ನ ಪೂರ್ತಿ ಬರೀಬೇಕು.

ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಆವಿ ಆಗಿ ಹೋಗಲ್ಲ. ಅದು ಮುಚ್ಚಿದ ವ್ಯವಸ್ಥೆ. ಕಮ್ಮಿ ಆಯ್ತು ಅಂದ್ರೆ ಎಲ್ಲೋ ದಾರಿ ಮಾಡ್ಕೊಂಡಿದೆ. ನೆಲಕ್ಕೆ ಬೀಳ್ತಿಲ್ಲ ಅಂದ್ರೆ ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಒಣಗ್ತಿದೆ. ನಿಮಗೆ ಬರ್ತಿರೋ ಸಿಹಿ ವಾಸನೆ ಕೂಲೆಂಟ್‌ನಲ್ಲಿರೋ ಗ್ಲೈಕಾಲ್‌ದು.

ನಿಮ್ಮ 3.6 ಲೀಟರ್ ಟರ್ಬೊದಲ್ಲಿರೋದು ಮೆಟ್ಸ್‌ಗರ್ ಇಂಜಿನ್ ಅಂತಾರಲ್ಲ, ಅದು. 996 ಟರ್ಬೊ, 996 ಮತ್ತು 997ರ ಜಿಟಿ3, ಜಿಟಿ2ಗಳಲ್ಲೂ ಅದೇ ವಂಶ (996, 997 ಅನ್ನೋದು 911ರ ಎರಡು ತಲೆಮಾರಿನ ಹೆಸರು). ಗಟ್ಟಿ ಇಂಜಿನ್, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಅದರ ಕೂಲೆಂಟ್ ಪೈಪುಗಳು ಅಲ್ಯುಮಿನಿಯಂ ಹೌಸಿಂಗ್‌ಗೆ ಸೇರೋ ಕಡೆ ಬೋಲ್ಟ್ ಇಲ್ಲ, ವೆಲ್ಡ್ ಇಲ್ಲ. ಪೈಪು ಒಳಗೆ ತೂರಿಸಿ ಅಂಟು ಹಾಕಿದ್ದಾರೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ ಆ ಅಂಟು ಬಿಟ್ಟುಕೊಳ್ಳುತ್ತೆ. ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದಕ್ಕಿಂತ ಎಷ್ಟು ಸಲ ಕಾದಿದೆ ಅನ್ನೋದು ಇಲ್ಲಿ ಲೆಕ್ಕ. ಬಿಸಿಲೂರಿನ ಗಾಡಿ ಆ ಲೆಕ್ಕದಲ್ಲಿ ಮುಂದೆ.

ನನ್ನ ಭಯ ಸೋರಿಕೆ ಅಲ್ಲ. ಅಂಟು ಪೂರ್ತಿ ಬಿಟ್ಟರೆ ಪೈಪು ಕಳಚಿ ಬರುತ್ತೆ. ಹತ್ತಿಪ್ಪತ್ತು ಲೀಟರ್ ಬಿಸಿ ಕೂಲೆಂಟ್ ಕ್ಷಣದಲ್ಲಿ ನಿಮ್ಮದೇ ಹಿಂದಿನ ಟೈರಿನ ಕೆಳಗೆ. ಟ್ರ್ಯಾಕ್‌ನಲ್ಲಿ ವೇಗವಾಗಿ ತಿರುಗ್ತಿರೋವಾಗ ಹಾಗಾದ್ರೆ ಸ್ಟಿಯರಿಂಗ್ ಹಿಡಿದು ಉಪಯೋಗ ಇಲ್ಲ, ಗಾಡಿ ಗಿರಕಿ ಹೊಡೆಯುತ್ತೆ. ಹಿಂದೆ ಬರೋರ ಗಾಡಿಯೂ ಅದೇ ಕೂಲೆಂಟ್ ಮೇಲೆ ಹಾಯಬೇಕು.

ಮುಳ್ಳು ಅಲ್ಲಾಡಿಲ್ಲ ಅಂದ್ರಿ. ಮುಳ್ಳನ್ನ ನಂಬಬೇಡಿ. ಈಗಿನ ಎಷ್ಟೋ ಗಾಡಿಗಳಲ್ಲಿ ಓಡಿಸೋರು ಗಾಬರಿ ಆಗದಿರಲಿ ಅಂತ ಮುಳ್ಳು ನಡುವಿನ ಒಂದಿಷ್ಟು ಡಿಗ್ರಿಗಳಲ್ಲಿ ಅಲುಗಾಡದ ಹಾಗೆ ಮಾಡಿರ್ತಾರೆ. ನಿಜವಾದ ಅಂಕಿ ಬೇಕಾದ್ರೆ ಓಬಿಡಿ ಪೋರ್ಟ್‌ಗೆ, ಅಂದ್ರೆ ಗಾಡಿಯ ಕಂಪ್ಯೂಟರ್ ಓದೋ ಸಾಕೆಟ್‌ಗೆ, ಸ್ಕ್ಯಾನರ್ ಹಾಕಿ ನೋಡಿ. ಕೂಲೆಂಟ್ ಪೂರ್ತಿ ಖಾಲಿ ಆದ್ರಂತೂ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ಕಮ್ಮಿ ತೋರಿಸಿದ್ರೂ ತೋರಿಸಿತು. ಇನ್ನೊಂದು, ಹೊರಗಿನ ಗಾಳಿಗಿಂತ 1 ಬಾರ್ ಜಾಸ್ತಿ ಒತ್ತಡ ಇದ್ರೆ ಬರೀ ನೀರೂ ಸುಮಾರು 120 ಡಿಗ್ರಿವರೆಗೆ ಕುದಿಯಲ್ಲ, ಕೂಲೆಂಟ್ ಇನ್ನೂ ಮೇಲೆ ತಡೆಯುತ್ತೆ. ಸೋರಿ ಒತ್ತಡ ಬಿದ್ದ ಕೂಡಲೇ ಅದೇ ಬಿಸಿಯಲ್ಲಿ ಕುದಿ ಶುರು.

ನಾಳೆ ಮಾಡಬೇಕಾದ್ದು ಇಷ್ಟು. ಗಾಡಿ ಲಿಫ್ಟ್ ಮೇಲೆ ಹಾಕಿಸಿ, ಅಡಿಯ ಕವರ್ ಬಿಚ್ಚಿಸಿ, ಟಾರ್ಚ್ ಹಿಡಿದು ಪೈಪು ಹೌಸಿಂಗ್ ಒಳಗೆ ಹೋಗೋ ಒಂದೊಂದು ಜಾಗವನ್ನೂ ನೋಡಿ. ಸುತ್ತ ಉಂಗುರದ ಆಕಾರದಲ್ಲಿ ಬಿಳಿಯದೋ ಗುಲಾಬಿಯದೋ ಪುಡಿ ಕಟ್ಟಿದ್ರೆ ಸಿಕ್ಕಿತು. ಪ್ರೆಷರ್ ಟೆಸ್ಟ್ ತಣ್ಣಗಿದ್ದಾಗ ಒಂದು ಸಲ, ಬೆಚ್ಚಗಿದ್ದಾಗ ಒಂದು ಸಲ. ತಣ್ಣಗಿದ್ದಾಗ ಹಿಡಿದುಕೊಂಡ ಜಾಯಿಂಟು ಕಾದಾಗ ಬಿಡುತ್ತೆ.

ಗಲ್ಲಾರ್ಡೊವಾಲಾ: ಅಬ್ಬಾ.

ಕ್ಯಾರೆರಾಪ್ರಿಯ: ಮೇಡಂ ಸುಮ್ನೆ ಹೆದರಿಸಬೇಡಿ. ನನ್ನದೂ 997 ಟರ್ಬೊನೇ. ಇಷ್ಟು ವರ್ಷ ಒಂದು ಹನಿ ಸೋರಿಲ್ಲ.

ವರ್ಕ್‌ಶಾಪ್ ಮೇಡಂ: ಯಾವ ವರ್ಷದ್ದು?

ಕ್ಯಾರೆರಾಪ್ರಿಯ: 2011. ಟರ್ಬೊ ಎಸ್.

ವರ್ಕ್‌ಶಾಪ್ ಮೇಡಂ: ನಿಮ್ಮದು 3.8 ಲೀಟರ್. ಇಂಜಿನ್ನೇ ಬೇರೆ, ಮೆಟ್ಸ್‌ಗರ್ ಅಲ್ಲ.

ಸಿಂಥೆಟಿಕ್: ಹಳೇಹುಲಿ ಅವರೇ, 10ಡಬ್ಲ್ಯು-60 ಹಾಕಿ ಎಷ್ಟು ಇಂಜಿನ್ ಕೆಡಿಸಿದ್ದೀರಿ ಅಂತಲೂ ಬರೀರಿ.

ಹಳೇಹುಲಿ: ನೀವು ಹುಟ್ಟೋ ಮೊದಲಿಂದ ಗಾಡಿ ಇಟ್ಟಿದ್ದೀನಿ. ಮಂದ ಆಯಿಲ್ ಇದ್ರೆ ಪದರ ದಪ್ಪ, ಸವೆತ ಕಮ್ಮಿ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಸಿಂಥೆಟಿಕ್: ಓದಿದ್ರೆ ಹೀಗೆ ಹೇಳ್ತಿರಲಿಲ್ಲ. ವಾಲ್ವ್ ಟೈಮಿಂಗ್ ಬದಲಾಯಿಸೋದು ಅದೇ ಆಯಿಲ್ ಒತ್ತಡದಿಂದ. ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಆಯಿಲ್ ಮೇಲಕ್ಕೆ ಬೇಗ ತಲುಪೋದು ಮುಖ್ಯ.

ಹೊಸಬ: ಎಲ್ಲರಿಗೂ ನಮಸ್ತೆ. ಔಡಿ ಆರ್8ಗೆ 10ಡಬ್ಲ್ಯು-60 ಹಾಕಬಹುದಾ?

ವರ್ಕ್‌ಶಾಪ್ ಮೇಡಂ: ಮೇಲೆ ಬರೆದಿದ್ದೀನಿ.

ರಸ್ತೆರಾಜ: ಒಂದು ಒಳ್ಳೇ ಮೆಸೇಜ್ ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ. "ಬೇಸಿಗೆ ಕಾರ್ ರಕ್ಷಣೆ: 1. ಥರ್ಮೋಸ್ಟಾಟ್ ತೆಗೆದುಹಾಕಿ, ಇಂಜಿನ್ ತಂಪಾಗಿರುತ್ತದೆ. 2. ಕೂಲೆಂಟ್ ಬದಲು ಶುದ್ಧ ನೀರು ಹಾಕಿ. 3. ರೇಡಿಯೇಟರ್ ಸೋರಿದರೆ ಕಾಳುಮೆಣಸಿನ ಪುಡಿ. 4. ಬೇಸಿಗೆಯಲ್ಲಿ ಟೈರ್‌ಗೆ ಗಾಳಿ ಕಡಿಮೆ ಹಾಕಿ, ಸಿಡಿಯುವುದಿಲ್ಲ. 5. ಇಂಜಿನ್ ಬಿಸಿಯಾದರೆ ಹೀಟರ್ ಹಾಕಿ. ಹತ್ತು ಜನಕ್ಕೆ ಕಳಿಸಿ."

ವರ್ಕ್‌ಶಾಪ್ ಮೇಡಂ: ದಯವಿಟ್ಟು ಒಬ್ಬರಿಗೂ ಕಳಿಸಬೇಡಿ.

ಥರ್ಮೋಸ್ಟಾಟ್ ತೆಗೆದ್ರೆ ಎಷ್ಟೋ ಯುರೋಪಿಯನ್ ಇಂಜಿನ್‌ಗಳು ತಂಪಾಗಲ್ಲ, ಇನ್ನೂ ಕಾಯುತ್ತವೆ. ಅದರ ಹಿಂಬದಿಯಲ್ಲಿ ಎರಡನೇ ಬಿಲ್ಲೆ ಇರುತ್ತೆ. ಇಂಜಿನ್ ಕಾದಾಗ ಅದು ಬೈಪಾಸ್, ಅಂದ್ರೆ ರೇಡಿಯೇಟರ್ ತಪ್ಪಿಸಿ ಹೋಗೋ ಅಡ್ಡದಾರಿ, ಮುಚ್ಚಿ ಕೂಲೆಂಟನ್ನೆಲ್ಲ ರೇಡಿಯೇಟರ್‌ಗೆ ತಳ್ಳುತ್ತೆ. ಕಿತ್ತು ಬಿಸಾಕಿದ್ರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತೆ, ಬಿಸಿ ನೀರು ರೇಡಿಯೇಟರ್ ಮುಟ್ಟದೇ ಇಂಜಿನ್ ಒಳಗೇ ಸುತ್ತುತ್ತೆ. ಬರೀ ನೀರು ಹಾಕಿದ್ರೆ ಕುದಿಯೋ ಮಟ್ಟ ಇಳಿಯುತ್ತೆ, ಅಲ್ಯುಮಿನಿಯಂ ತುಕ್ಕು ತಿನ್ನುತ್ತೆ, ನಲ್ಲಿ ನೀರಾದ್ರೆ ಒಳಗೆಲ್ಲ ಸುಣ್ಣ ಕಟ್ಟುತ್ತೆ. ಕಾಳುಮೆಣಸಿನ ಪುಡಿ, ಬಾಟಲಿಯಲ್ಲಿ ಬರೋ ಸ್ಟಾಪ್ ಲೀಕ್, ಎರಡೂ ತೂತು ಯಾವುದು ದಾರಿ ಯಾವುದು ಅಂತ ನೋಡಿ ಮುಚ್ಚಲ್ಲ. ರೇಡಿಯೇಟರ್‌ನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ.

ಟೈರಿನ ಮಾತು ಅಪಾಯಕಾರಿ. ಗಾಳಿ ಕಮ್ಮಿ ಇದ್ದಷ್ಟೂ ಟೈರಿನ ಪಕ್ಕ ಜಾಸ್ತಿ ಮಡಚಿ ಮಡಚಿ ಕಾಯುತ್ತೆ, ಸಿಡಿಯೋದು ಆಗ. ಪುಸ್ತಕದಲ್ಲಿರೋ ಅಂಕಿ ತಣ್ಣಗಿರೋ ಟೈರಿಗೆ. ಸುಮಾರು 5-6 ಡಿಗ್ರಿ ಏರಿದ್ರೆ 1 ಪಿಎಸ್‌ಐ ಏರುತ್ತೆ, ಅದು ಲೆಕ್ಕದಲ್ಲಿ ಇರೋದೇ. ಓಡಿ ಬಂದ ಟೈರಿನ ಗಾಳಿ ಬಿಡಬೇಡಿ.

ಐದನೇದು ನಿಜ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರ್. ಗಾಡಿಯನ್ನ ಸುರಕ್ಷಿತವಾಗಿ ಪಕ್ಕಕ್ಕೆ ತರೋಷ್ಟು ಸಹಾಯ ಮಾಡುತ್ತೆ, ಊರಿಗೆ ಹೋಗೋದಕ್ಕಲ್ಲ.

ರಸ್ತೆರಾಜ: ಒಳ್ಳೇದಕ್ಕೆ ಹಾಕಿದ್ದು ಮೇಡಂ. ಇಷ್ಟು ಸಿಟ್ಟು ಯಾಕೆ?

ವರ್ಕ್‌ಶಾಪ್ ಮೇಡಂ: ಇದನ್ನ ನಂಬಿ ಕೆಟ್ಟ ಇಂಜಿನ್ ಬಿಚ್ಚೋದು ನಾನು. ಅದಕ್ಕೆ.

ಮಧ್ಯಾಹ್ನಸೂರ್ಯ: 2013 ಪೋರ್ಷೆ 911. ಸಿಗ್ನಲ್‌ನಲ್ಲಿ ನಿಂತ್ರೆ ಎಸಿ ಬಿಸಿ ಗಾಳಿ ಬಿಡುತ್ತೆ, ಓಡೋವಾಗ ತಂಪು. ಗ್ಯಾಸ್ ತುಂಬಿಸಿದೆ, ಇನ್ನೂ ಕೆಟ್ಟಿತು.

ವರ್ಕ್‌ಶಾಪ್ ಮೇಡಂ: ಗ್ಯಾಸ್ ಅಲ್ಲ. ಜಾಸ್ತಿ ತುಂಬಿದ್ರೆ ಒತ್ತಡ ಏರಿ ಕಂಪ್ರೆಸರ್ ಕಟ್ ಆಗುತ್ತೆ, ಅದಕ್ಕೇ ಕೆಟ್ಟಿದ್ದು. ಮುಂದಿನ ಬಂಪರ್ ಬಿಚ್ಚಿಸಿ. ಎರಡೂ ಮೂಲೆಯಲ್ಲಿ ಎಸಿ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ. ಅವೆರಡರ ನಡುವಿನ ಸಂದಿಯಲ್ಲಿ ಒಣ ಎಲೆ, ಪ್ಲಾಸ್ಟಿಕ್ ಚೂರು, ಹುಳ ಎಲ್ಲ ಸೇರಿ ಹಲಗೆ ಆಗಿರುತ್ತೆ, ಹೊರಗಿಂದ ಕಾಣಲ್ಲ. ಕೈಯಲ್ಲಿ ತೆಗೆಸಿ, ಮೆಲ್ಲಗೆ ನೀರು ಬಿಡಿ. ಪ್ರೆಷರ್ ವಾಷರ್ ಹಿಡಿದ್ರೆ ಫಿನ್ ಎಲ್ಲ ಮಡಚಿಕೊಳ್ಳುತ್ತೆ. ಫ್ಯಾನ್ ಎರಡೂ ತಿರುಗ್ತಿದೆಯಾ ಅಂತಲೂ ನೋಡಿ.

ಟಾಪ್‌ಡೌನ್: ಮೇಡಂ, ರೂಫ್?

360ಅಭಿಮಾನಿ: ಫೆರಾರಿ 360. ಒಳಗಿನ ಬಟನ್ ಎಲ್ಲ ಅಂಟಂಟು. ಸ್ಪಿರಿಟ್‌ನಲ್ಲಿ ಒರೆಸಬಹುದಾ?

ವರ್ಕ್‌ಶಾಪ್ ಮೇಡಂ: ಮೇಲಿನ ಲೇಪ ಸೆಕೆಗೆ ಕರಗಿರೋದು. ಸ್ಪಿರಿಟ್ ಹಾಕಿದ್ರೆ ಅಕ್ಷರವೂ ಹೋಗುತ್ತೆ. ಬಟನ್ ಬಿಚ್ಚಿ ಮರುಲೇಪ ಮಾಡೋರಿಗೆ ಕೊಡಿ. ಟೈಮಿಂಗ್ ಬೆಲ್ಟ್ ಬದಲಾಯಿಸಿ ಎಷ್ಟು ವರ್ಷ ಆಯ್ತು?

360ಅಭಿಮಾನಿ: ಓಡಿರೋದು ತುಂಬಾ ಕಮ್ಮಿ, ಅದಕ್ಕೆ ಬದಲಾಯಿಸಿಲ್ಲ.

ವರ್ಕ್‌ಶಾಪ್ ಮೇಡಂ: ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ, ವರ್ಷ ಗೊತ್ತು. ಬೆಲ್ಟ್ ತುಂಡಾದ್ರೆ ವಾಲ್ವ್ ಬಾಗುತ್ತೆ. ಬಟನ್ ಆಮೇಲೆ ನೋಡೋಣ.

ಹಳೇಹುಲಿ: ಸಿಂಥೆಟಿಕ್ ಅವರ ಹತ್ತಿರ ನಿಜವಾಗಲೂ ಗಾಡಿ ಇದೆಯಾ? ಬರೀ ವಿಡಿಯೋ ನೋಡಿ ಮಾತಾಡೋರು ಜಾಸ್ತಿ ಆಗಿದ್ದಾರೆ.

ಸಿಂಥೆಟಿಕ್: ಆರ್‌ಸಿ ಕಳಿಸ್ಲಾ? ನಿಮ್ಮ ಹಾಗೆ ಕಂಡಕಂಡ ಗಾಡಿಗೆಲ್ಲ ಒಂದೇ ಡಬ್ಬಿ ಸುರಿಯೋ ಬುದ್ಧಿ ನನಗಿಲ್ಲ.

ಕ್ಯಾರೆರಾಪ್ರಿಯ: ಹಿರಿಯರ ಹತ್ತಿರ ಮಾತಾಡೋ ರೀತಿನಾ ಇದು?

ಘಾಟ್‌ರೈಡರ್: ಇಳಿಜಾರಿನಲ್ಲಿ ಜೋರಾಗಿ ಬಂದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗುತ್ತೆ. ಪ್ಯಾಡ್ ಹೊಸದು.

ವರ್ಕ್‌ಶಾಪ್ ಮೇಡಂ: ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು? ಅದು ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗೆ ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು ಅಂತ ನಿಯಮ, ತೇವ ಹೀರಿದ ಮೇಲೆ 155. ಕುದ್ದು ಗುಳ್ಳೆ ಬಂದ್ರೆ ಪೆಡಲ್ ಮೆತ್ತಗೆ. ಪೂರ್ತಿ ಬದಲಾಯಿಸೋವರೆಗೆ ಇಳಿಜಾರಿಗೆ ಹೋಗಬೇಡಿ.

ಹೊಸಬ: ಮೇಲೆ ಅಂದ್ರೆ ಎಲ್ಲಿ ಮೇಡಂ? 10ಡಬ್ಲ್ಯು-60 ಹಾಕಬಹುದಾ ಇಲ್ವಾ ಅಷ್ಟೇ ಹೇಳಿ.

ವರ್ಕ್‌ಶಾಪ್ ಮೇಡಂ: ಇಲ್ಲ.

ಟರ್ಬೊ997: ಮೇಡಂ, ಈಗಲೇ ಲಿಫ್ಟ್ ಮೇಲೆ ಹಾಕಿಸಿದೆ. ಫೋಟೋ ಹಾಕಿದ್ದೀನಿ, ಎರಡು ಪೈಪಿನ ಬುಡದಲ್ಲಿ ಗುಲಾಬಿ ಪುಡಿ ಇದೆ. ಒಂದನ್ನ ಕೈಯಲ್ಲಿ ಹಿಡಿದ್ರೆ ಕೊಂಚ ತಿರುಗುತ್ತೆ. ಇವರು ಅಂಟು ಹಾಕಿ ಕೂರಿಸಿ ಕೊಡ್ತೀವಿ, ಟ್ರ್ಯಾಕ್ ಡೇಗೆ ರೆಡಿ ಅಂತಿದ್ದಾರೆ.

ವರ್ಕ್‌ಶಾಪ್ ಮೇಡಂ: ತಿರುಗುತ್ತಾ? ಹಾಗಾದ್ರೆ ಅಂಟು ಆಗಲೇ ಬಿಟ್ಟಿದೆ. ಸ್ಟಾರ್ಟ್ ಕೂಡ ಮಾಡಬೇಡಿ, ಗಾಡಿ ಅಲ್ಲಿಂದ ಹೊರಡೋದಾದ್ರೆ ಫ್ಲಾಟ್‌ಬೆಡ್ ಲಾರಿ ಮೇಲೆ. ಅಂಟಿನ ಮೇಲೆ ಅಂಟು ಬೇಡ. ಇಂಜಿನ್ ಇಳಿಸಿ, ಅಂಟಿಸಿರೋ ಎಲ್ಲ ಜಾಯಿಂಟು ಕಳಚಿ, ಉಜ್ಜಿ, ವೆಲ್ಡ್ ಮಾಡಿಸಬೇಕು. ವೆಲ್ಡ್ ಮಾಡೋ ಒಳ್ಳೇ ಕೈ ಸಿಗಲಿಲ್ಲ ಅಂದ್ರೆ ಹೊಸ ಅಂಟಿನ ಜೊತೆ ಅಡ್ಡ ಪಿನ್ ಹಾಕಿಸಿ, ಪೈಪು ಕಳಚಿ ಬರಲ್ಲ. ಸೋರ್ತಿರೋ ಎರಡನ್ನೇ ಮಾಡ್ತೀವಿ ಅಂದ್ರೆ ಒಪ್ಪಬೇಡಿ, ಉಳಿದವೂ ಅದೇ ವಯಸ್ಸಿನವು. ಇಂಜಿನ್ ಕೆಳಗಿರೋವಾಗಲೇ ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್, ಟ್ಯಾಂಕ್ ಮುಚ್ಚಳ ಎಲ್ಲ ಹೊಸದು ಹಾಕಿಸಿ. ಕೂಲೆಂಟ್ ಕಂಪನಿ ಹೇಳಿದ್ದೇ ಇರಲಿ, ಬೇರೆ ಜಾತಿಯದು ಬೆರೆಸಿದ್ರೆ ಲೋಳೆ ಕಟ್ಟಬಹುದು. ತುಂಬೋವಾಗ ವ್ಯಾಕ್ಯೂಮ್ ಹಾಕಿ ತುಂಬಲಿ. ಅಷ್ಟುದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡ್ರೆ ಸುಲಭಕ್ಕೆ ಹೊರಗೆ ಬರಲ್ಲ.

ಟರ್ಬೊ997: ಟ್ರ್ಯಾಕ್ ಡೇ ದುಡ್ಡು ವಾಪಸ್ ಬರಲ್ಲ ಮೇಡಂ 😞

ವರ್ಕ್‌ಶಾಪ್ ಮೇಡಂ: ಹೋಗಲಿ ಬಿಡಿ. ಯಾರಾದ್ರೂ ಸ್ನೇಹಿತರ ಗಾಡಿಯಲ್ಲಿ ಪಕ್ಕದ ಸೀಟಲ್ಲಿ ಕೂತು ಬನ್ನಿ.

ಹಳೇಹುಲಿ: ಇದಕ್ಕೇ ಹೇಳೋದು, ಹಳೇ ಕಾಲದ ಗಾಳಿಯಲ್ಲಿ ತಣ್ಣಗಾಗೋ ಇಂಜಿನ್ನೇ ವಾಸಿ. ಮಂದ ಆಯಿಲ್ ಹಾಕಿ ಮರೆತುಬಿಡಬಹುದಿತ್ತು.

ಸಿಂಥೆಟಿಕ್: ಮತ್ತೆ ಶುರು.

ಅಡ್ಮಿನ್: ಆಯಿಲ್ ಬಗ್ಗೆ ಇನ್ನು ಒಂದು ಕಾಮೆಂಟ್ ಬಂದ್ರೂ ಇಬ್ಬರನ್ನೂ ಮ್ಯೂಟ್ ಮಾಡ್ತೀನಿ. ಮೇಡಂ ಹೊರಟಿದ್ದಾರೆ, ಕಾಮೆಂಟ್ ಮುಚ್ಚುತ್ತಿದ್ದೇನೆ.

ಟಾಪ್‌ಡೌನ್: ಅಯ್ಯೋ, ನನ್ನ ರೂಫ್ ಪ್ರಶ್ನೆ ಹಾಗೇ ಉಳಿಯಿತಲ್ಲ